ಬಟಾಣಿ ತೋಟದ ಮಠಾಧಿಪತಿ: ಸ್ವಾಮಿ ಗ್ರೆಗರ್ ಮೆಂಡೆಲ್‌ರವರ ಜೀವನ

1884ನೆಯ ಇಸವಿ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಮೊರಾವಿಯಾ ಪ್ರಾಂತದ ಬ್ರುನ್ ನಗರದಲ್ಲಿ ಸಂತ ತೋಮಸರ ಮಠದ ಅಧಿಪತಿಗಳು ಮೂತ್ರಪಿಂಡದ ವ್ಯಾಧಿಯಿಂದ ದೈವಾಧೀನರಾದರು. ಆಗ ಅವರಿಗೆ 61 ವರ್ಷ. ಬ್ರುನ್ ಅಂದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಇಂದು ಅದು ಚೆಕ್ ಗಣರಾಜ್ಯದ ಬ್ರನೋ ನಗರ. ಅಂತ್ಯಸಂಸ್ಕಾರದ ಬಲಿಪೂಜೆಯಲ್ಲಿ ಸಂಗೀತವನ್ನು ನಡೆಸಿದವರು, ಬಾಲ್ಯದಲ್ಲಿ ಆ ಮಠದ ಗಾಯಕವೃಂದದಲ್ಲಿಯೇ ಹಾಡಿ ಬೆಳೆದು ಮುಂದೆ ಲೋಕಪ್ರಸಿದ್ಧರಾದ ಲಿಯೋಶ್ ಯಾನಾಚೆಕ್. ಊರಿನ ಬಡವರು, ಶಾಲೆಯ ಹಳೆಯ ವಿದ್ಯಾರ್ಥಿಗಳು, ರೈತರು, ಜೇನು ಸಾಕುವವರು ಅವರಿಗಾಗಿ ಕಣ್ಣೀರು ಮಿಡಿದರು. ಉದಾರಿ ಗುರುಗಳೆಂದೂ, ಮಳೆಗಾಳಿಗಳ ಲೆಕ್ಕವಿಡುತ್ತಿದ್ದವರೆಂದೂ, ಸರ್ಕಾರದ ತೆರಿಗೆಗೆ ತಲೆಬಾಗದ ಹಟಮಾರಿಯೆಂದೂ ಜನರು ಅವರನ್ನು ಬಲ್ಲವರಾಗಿದ್ದರು. ಆದರೆ ಜೀವಿಯ ಗುಣಗಳು ತಂದೆತಾಯಿಗಳಿಂದ ಮಕ್ಕಳಿಗೆ ಯಾವ ನಿಯಮದಂತೆ ಇಳಿದುಬರುತ್ತವೆ ಎಂಬ, ಮಾನವಕುಲವನ್ನು ಸಾವಿರಾರು ವರ್ಷ ಕಾಡಿದ ಪ್ರಶ್ನೆಗೆ ಈ ಸನ್ಯಾಸಿ ಆಗಲೇ ಉತ್ತರ ಬರೆದಿಟ್ಟಿದ್ದಾರೆಂಬುದರ ಮಹತ್ವವನ್ನು ಆ ಶವಯಾತ್ರೆಯಲ್ಲಿ ನಡೆದವರು ಅರಿತಿರಲಿಲ್ಲ.

ಯೋಹಾನ್ ಮೆಂಡೆಲ್ ಹುಟ್ಟಿದ್ದು 1822ರ ಜುಲೈ ತಿಂಗಳಲ್ಲಿ, ಸೈಲೀಷಿಯಾ ಪ್ರಾಂತದ ಹೈನ್ಸೆನ್‌ಡಾರ್ಫ್ ಎಂಬ ಕುಗ್ರಾಮದ ರೈತ ಕುಟುಂಬದಲ್ಲಿ. ತಂದೆ ಆಂಟನ್ ಸೈನ್ಯದಲ್ಲಿದ್ದು ಬಂದವರು; ತಾಯಿ ರೋಸಿನಾ ತೋಟಗಾರರ ಮನೆತನದವರು. ಮನೆಯ ಹೊಲ ಸ್ವಂತದ್ದೆಂದು ಹೆಸರಿಗಿದ್ದರೂ, ಆ ಕಾಲದ ಕಟ್ಟಳೆಯಂತೆ ಆಂಟನ್ ವಾರದಲ್ಲಿ ಮೂರು ದಿನ ಒಡೆಯರ ಭೂಮಿಯಲ್ಲಿ ಬಿಟ್ಟಿ ದುಡಿಯಬೇಕಾಗಿತ್ತು. ಉಳಿದ ಬಿಡುವಿನಲ್ಲಿ ಅವರು ಹಣ್ಣಿನ ಮರಗಳನ್ನು ಬೆಳೆಸುತ್ತಿದ್ದರು. ಆ ಭಾಗದ ವಿಚಾರಣಾ ಗುರುಗಳಾದ ಸ್ವಾಮಿ ಯೋಹಾನ್ ಶ್ರೈಬರ್‌ರವರು ಹಣ್ಣಿನ ಗಿಡಗಳ ಕಸಿ ವಿದ್ಯೆಯಲ್ಲಿ ಪರಿಣತರು. ಒಳ್ಳೆಯ ತಳಿಗಳ ಕಡ್ಡಿಗಳನ್ನು ರೈತರಿಗೆ ಹಂಚುತ್ತಿದ್ದರು, ಶಾಲೆಯ ಮಕ್ಕಳಿಗೂ ಈ ಕೆಲಸವನ್ನು ಕಲಿಸುತ್ತಿದ್ದರು. ಬಾಲಕನ ಬುದ್ಧಿಯನ್ನು ಗುರುತಿಸಿ, ಅವನನ್ನು ಮುಂದಕ್ಕೆ ಓದಿಸಬೇಕೆಂದು ತಂದೆತಾಯಿಗಳಿಗೆ ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. ಹಳ್ಳಿಯ ವಿಚಾರಣಾ ಗುರುವೊಬ್ಬರು ಬಡವರ ಹುಡುಗನೊಬ್ಬನ ಮೇಲೆ ಕಣ್ಣಿಟ್ಟದ್ದರಿಂದ ಎಂತಹ ಫಲ ಬಂದಿತೆಂಬುದನ್ನು ನಮ್ಮ ಓದುಗರು ಗಮನಿಸಬೇಕು.

ಹನ್ನೊಂದು ವರ್ಷದ ಯೋಹಾನ್ ಮನೆ ಬಿಟ್ಟು ಲೈಪ್ನಿಕ್ಕಿಗೂ, ಮರುವರ್ಷ ಟ್ರೊಪ್ಪೌ ಪಟ್ಟಣದ ಪ್ರೌಢಶಾಲೆಗೂ ಹೋದನು. ಪೂರ್ಣ ಊಟದ ಹಣ ಕಟ್ಟಲಾಗದೆ ಅರೆ ಊಟದಲ್ಲಿ ದಿನ ನೂಕುತ್ತಿದ್ದನು. 1838ರಲ್ಲಿ ಬಿಟ್ಟಿಯ ಕೆಲಸ ಮಾಡುವಾಗ ಮರದ ದಿಮ್ಮಿಯೊಂದು ಉರುಳಿ ತಂದೆಯ ಎದೆ ಜಜ್ಜಿಹೋಯಿತು. ಅಂದಿನಿಂದ ಮನೆಯಿಂದ ಬರುತ್ತಿದ್ದ ಅಷ್ಟಿಷ್ಟು ನೆರವೂ ನಿಂತಿತು. ಹದಿನಾರು ವರ್ಷದ ಹುಡುಗ ಇತರ ಮಕ್ಕಳಿಗೆ ಪಾಠ ಹೇಳಿ ತನ್ನ ಹೊಟ್ಟೆ ಹೊರೆದುಕೊಂಡನು. 1840ರಲ್ಲಿ ಓಲ್ಮುಟ್ಸ್ ನಗರದ ತತ್ತ್ವಶಾಸ್ತ್ರ ಸಂಸ್ಥೆಯನ್ನು ಸೇರಿದ ಮೇಲೆ ಅಲ್ಲಿ ಪಾಠ ಹೇಳಿಸಿಕೊಳ್ಳುವವರೂ ಸಿಗಲಿಲ್ಲ. ಚಿಂತೆಯಿಂದ ಹಾಸಿಗೆ ಹಿಡಿದು ಊರಿಗೆ ಮರಳಬೇಕಾಯಿತು. ಆಗ ಅವನನ್ನು ಎತ್ತಿ ನಿಲ್ಲಿಸಿದವಳು ಕಿರಿಯ ತಂಗಿ ತೆರೇಸಿಯಾ. ತನ್ನ ಮದುವೆಗೆಂದು ಮೀಸಲಿಟ್ಟಿದ್ದ ಹಣದ ಒಂದು ಪಾಲನ್ನು ಅಣ್ಣನ ಓದಿಗೆ ಕೊಟ್ಟುಬಿಟ್ಟಳು. ಈ ಋಣವನ್ನು ಆತ ಮರೆಯಲಿಲ್ಲ. ಮುಂದೆ ತಂಗಿಯ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸದ ಹೊರೆಯನ್ನು ಹೊತ್ತವರು ಈ ಸೋದರಮಾವನೇ. ಅವರಲ್ಲಿ ಇಬ್ಬರು ವೈದ್ಯರಾದರು.

1843ರ ಅಕ್ಟೋಬರ್ 9ರಂದು, ತನ್ನ ಭೌತಶಾಸ್ತ್ರದ ಗುರುಗಳ ಶಿಫಾರಸಿನಿಂದ, ಯೋಹಾನ್ ಬ್ರುನ್ ನಗರದ ಸಂತ ಅಗಸ್ಟೀನರ ಸಭೆಯ ಮಠದಲ್ಲಿ ನವಶಿಷ್ಯನಾಗಿ ಸೇರಿ ಗ್ರೆಗರ್ ಎಂಬ ಹೆಸರನ್ನು ಪಡೆದರು. ಪುಣ್ಯಪುರುಷರ ಚರಿತ್ರೆ ಬರೆಯುವವರು ತೊಟ್ಟಿಲಲ್ಲೇ ದೈವಕರೆಯನ್ನು ಕಾಣುವುದುಂಟು. ಮೆಂಡೆಲ್‌ರವರು ಅಷ್ಟು ಬಣ್ಣ ಹಚ್ಚಿಕೊಳ್ಳಲಿಲ್ಲ; ಅನ್ನದ ಚಿಂತೆಯಿಂದ ಬಿಡುಗಡೆ ಬೇಕಾಗಿದ್ದುದೂ ತಮ್ಮ ಆಯ್ಕೆಗೆ ಕಾರಣವೆಂದು ತಮ್ಮ ಕಿರು ಆತ್ಮಚರಿತ್ರೆಯಲ್ಲಿ ಅವರೇ ಸರಳವಾಗಿ ಬರೆದಿದ್ದಾರೆ. ಆ ಬಾಗಿಲಿನಿಂದ ಒಳಹೊಕ್ಕವರು ನಲವತ್ತು ವರ್ಷ ಅಲ್ಲಿಯೇ ನಿಷ್ಠೆಯಿಂದ ಬಾಳಿದರೆಂಬುದು ಮುಖ್ಯ.

ಆ ಮಠವೂ ಸಾಮಾನ್ಯವಾದುದಲ್ಲ. ಅದರ ಅಧಿಪತಿ ಸಿರಿಲ್ ನಾಪ್ ಮಹಾಪಂಡಿತರು. ಅಲ್ಲಿಯ ಗುರುಗಳಲ್ಲಿ ಅನೇಕರು ಗಣಿತ, ಸಸ್ಯಶಾಸ್ತ್ರ, ಸಂಗೀತ, ಭಾಷಾಶಾಸ್ತ್ರಗಳ ಅಧ್ಯಾಪಕರು. ಬ್ರುನ್ ನಗರವು ಉಣ್ಣೆಯ ಗಿರಣಿಗಳ ಊರು. ಒಳ್ಳೆಯ ಉಣ್ಣೆ ಬೇಕಾದರೆ ಒಳ್ಳೆಯ ಟಗರು ಬೇಕು. ಆದರೆ ಟಗರಿನ ಗುಣ ಮರಿಗೆ ಬರುವುದೇ, ಬಂದರೆ ಹೇಗೆ? 1830ರ ದಶಕದಲ್ಲಿ ಕುರಿ ಸಾಕುವವರ ಸಭೆಗಳಲ್ಲಿ ಏನು ಇಳಿದುಬರುತ್ತದೆ, ಹೇಗೆ ಇಳಿದುಬರುತ್ತದೆ ಎಂಬುದೇ ನಿಜವಾದ ಪ್ರಶ್ನೆಯೆಂದು ನಾಪ್‌ರವರು ಎತ್ತಿ ತೋರಿಸಿದ್ದರು. ಅಂತಹ ಹಿರಿಯರ ನೆರಳಿನಲ್ಲಿ ಮೆಂಡೆಲ್ ಬಂದು ನಿಂತರು.

1847ರಲ್ಲಿ ಗುರುದೀಕ್ಷೆಯಾಯಿತು. ಆದರೆ ವಿಚಾರಣೆಯ ಕೆಲಸ ಅವರಿಗೆ ಹಿಡಿಸಲಿಲ್ಲ. ಆಸ್ಪತ್ರೆಯ ರೋಗಿಗಳ ಹಾಸಿಗೆಯ ಬಳಿ ನಿಂತರೆ ಅವರ ನೋವನ್ನು ಕಂಡು ಇವರೇ ಕಾಯಿಲೆ ಬೀಳುತ್ತಿದ್ದರು. ನಾಪ್‌ರವರು ಗದರಿಸದೆ, 1849ರಲ್ಲಿ ಅವರನ್ನು ಜ್ನೈಮ್ ಪಟ್ಟಣದ ಶಾಲೆಗೆ ಬದಲಿ ಉಪಾಧ್ಯಾಯರನ್ನಾಗಿ ಕಳುಹಿಸಿದರು. ಪಾಠ ಹೇಳುವುದರಲ್ಲಿ ಅವರು ನಿಪುಣರೆಂದು ಎಲ್ಲರೂ ಮೆಚ್ಚಿದರು. ಕಾಯಂ ಆಗಲು ಮಾತ್ರ ಸರ್ಕಾರಿ ಪರೀಕ್ಷೆ ತೇರ್ಗಡೆಯಾಗಬೇಕಿತ್ತು. 1850ರಲ್ಲಿ ಕುಳಿತರು, ಭೂಗರ್ಭಶಾಸ್ತ್ರದಲ್ಲೂ ಪ್ರಾಣಿಶಾಸ್ತ್ರದಲ್ಲೂ ಸೋತರು. ಎರಡು ವರ್ಷ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದು 1856ರಲ್ಲಿ ಮತ್ತೆ ಹೋದರು. ಪರೀಕ್ಷೆಯ ನಡುವೆ ಅನಾರೋಗ್ಯದಿಂದ ಹಿಂದಿರುಗಿದರು. ಜೀವಶಾಸ್ತ್ರದ ದಿಕ್ಕನ್ನೇ ಬದಲಿಸಿದ ಈ ಮಹನೀಯರು ಜೀವಮಾನದಲ್ಲಿ ಎಂದೂ ಅರ್ಹತೆ ಪಡೆದ ಉಪಾಧ್ಯಾಯರಾಗಲಿಲ್ಲ. ಹದಿನಾಲ್ಕು ವರ್ಷ ಬ್ರುನ್ ಶಾಲೆಯಲ್ಲಿ ಬದಲಿ ಉಪಾಧ್ಯಾಯರಾಗಿಯೇ ದುಡಿದರು. ವಿಯೆನ್ನಾದ ವಾಸ ಮಾತ್ರ ವ್ಯರ್ಥವಾಗಲಿಲ್ಲ. ಅಲ್ಲಿ ಡಾಪ್ಲರ್‌ರಿಂದ ಭೌತಶಾಸ್ತ್ರವನ್ನೂ, ಎಟಿಂಗ್ಸ್‌ಹೌಸನ್‌ರಿಂದ ಗಣಿತದ ಜೋಡಣಾಕ್ರಮವನ್ನೂ, ಉಂಗರ್‌ರಿಂದ ಸಸ್ಯದ ಜೀವಕೋಶಗಳ ವಿಚಾರವನ್ನೂ ಕಲಿತರು. ಗಿಡಗಳನ್ನು ಎಣಿಸಬೇಕು, ಎಣಿಕೆಯಲ್ಲಿ ನಿಯಮ ಹುಡುಕಬೇಕು ಎಂಬ ಬುದ್ಧಿ ಬಂದದ್ದು ಈ ಭೌತಶಾಸ್ತ್ರ, ಗಣಿತಗಳಿಂದಲೇ ಎಂದು ನನ್ನ ಎಣಿಕೆ.

ಅಂದಿನ ಸಾಮಾನ್ಯ ನಂಬಿಕೆಯಂತೆ, ತಂದೆತಾಯಿಗಳ ಗುಣಗಳು ಹಾಲು ನೀರು ಬೆರೆತಂತೆ ಮಗುವಿನಲ್ಲಿ ಬೆರೆತುಹೋಗುತ್ತವೆ. ಹಾಗಾದರೆ ಅಜ್ಜನ ಮೂಗು ಮಗನಲ್ಲಿ ಮಾಯವಾಗಿ ಮೊಮ್ಮಗನಲ್ಲಿ ಮರಳುವುದು ಹೇಗೆ? ಬೆರೆತ ಹಾಲು ನೀರು ಮತ್ತೆ ಬೇರಾಗುವುದುಂಟೆ? ಇದನ್ನು ಅರಿಯಲು ಮೆಂಡೆಲ್‌ರವರು ಬಟಾಣಿಯನ್ನು ಆರಿಸಿಕೊಂಡರು. ಬಟಾಣಿಯ ಹೂವು ಮುಚ್ಚಿಕೊಂಡೇ ತನ್ನ ಪರಾಗದಿಂದ ತಾನೇ ಫಲಿಸುವುದರಿಂದ ತಳಿ ಕೆಡುವುದಿಲ್ಲ. 1854ರಿಂದ ಎರಡು ವರ್ಷ 34 ತಳಿಗಳನ್ನು ಬೆಳೆದು, ಶುದ್ಧವೆಂದು ಖಚಿತವಾದ 22ನ್ನು ಉಳಿಸಿಕೊಂಡರು. ಎರಡೇ ರೂಪಗಳಲ್ಲಿ ಸ್ಪಷ್ಟವಾಗಿ ತೋರುವ ಏಳು ಗುಣಗಳನ್ನು ಗೊತ್ತುಮಾಡಿದರು. ಕಾಳು ದುಂಡಗೋ ಸುಕ್ಕೋ, ಹಳದಿಯೋ ಹಸಿರೋ; ಗಿಡ ಎತ್ತರವೋ ಗಿಡ್ಡವೋ; ಹೀಗೆ ಹೂವಿನ ಬಣ್ಣ ಮತ್ತು ಸ್ಥಾನ, ಕಾಯಿಯ ಆಕಾರ ಮತ್ತು ಬಣ್ಣ. ಮೊಗ್ಗು ಅರಳುವ ಮೊದಲೇ ಅದನ್ನು ಬಿಡಿಸಿ, ಚಿಮಟದಿಂದ ಕೇಸರಗಳನ್ನು ಒಂದೊಂದಾಗಿ ಕಿತ್ತು, ಬೇರೆ ಗಿಡದ ಪರಾಗವನ್ನು ಲೇಪಿಸಬೇಕು. ಬಲಿಪೂಜೆ, ಪ್ರಾರ್ಥನೆ, ಶಾಲೆಯ ಪಾಠಗಳ ನಡುವೆ, ಮಠದ ಗೋಡೆಯ ಪಕ್ಕದ 35 ಮೀಟರ್ ಉದ್ದ, 7 ಮೀಟರ್ ಅಗಲದ ತುಂಡು ನೆಲದಲ್ಲಿ ಎಂಟು ವರ್ಷ ಅವರು ಈ ಕೆಲಸ ಮಾಡಿದರು. ಬೆಳೆದ ಗಿಡಗಳು ಇಪ್ಪತ್ತು ಸಾವಿರಕ್ಕೂ ಮಿಕ್ಕಿದ್ದವು.

ದುಂಡು ಕಾಳಿನ ತಳಿಗೂ ಸುಕ್ಕು ಕಾಳಿನ ತಳಿಗೂ ಸಂಕರ ಮಾಡಿದಾಗ ಹುಟ್ಟಿದ ಕಾಳುಗಳೆಲ್ಲವೂ ದುಂಡಗಿದ್ದವು. ಸುಕ್ಕು ಕಾಣಲೇ ಇಲ್ಲ. ಆ ಕಾಳುಗಳನ್ನು ಬಿತ್ತಿ, ತಮ್ಮಷ್ಟಕ್ಕೆ ಫಲಿಸಲು ಬಿಟ್ಟಾಗ, ಒಂದೇ ಕಾಯಿಯೊಳಗೆ ದುಂಡು ಕಾಳಿನ ಪಕ್ಕದಲ್ಲಿಯೇ ಸುಕ್ಕು ಕಾಳು ಮರಳಿ ಬಂದಿತ್ತು. ಅವರು ಎಣಿಸಿದರು. 7,324 ಕಾಳುಗಳಲ್ಲಿ 5,474 ದುಂಡು, 1,850 ಸುಕ್ಕು. ಬಣ್ಣದ ಪ್ರಯೋಗದಲ್ಲಿ 8,023ರಲ್ಲಿ 6,022 ಹಳದಿ, 2,001 ಹಸಿರು. ಏಳು ಗುಣಗಳಲ್ಲಿಯೂ ಹೆಚ್ಚುಕಡಿಮೆ ಮೂರಕ್ಕೆ ಒಂದು. ಅವರಿಗಿಂತ ಹಿಂದಿನವರೂ ಸಂಕರ ಗಿಡಗಳನ್ನು ಬೆಳೆಸಿದ್ದರು, ಅಡಗಿದ ಗುಣ ಮರಳುವುದನ್ನು ಕಂಡಿದ್ದರು. ಕುಳಿತು ಎಣಿಸಿ, ಆ ಎಣಿಕೆಯಲ್ಲಿ ನಿಯಮವನ್ನು ಕಂಡುಕೊಳ್ಳಲು ಅವರಿಂದಾಗಿರಲಿಲ್ಲ.

ಮೂರಕ್ಕೆ ಒಂದೇಕೆ? ಪ್ರತಿ ಗುಣಕ್ಕೂ ಗಿಡದಲ್ಲಿ ಎರಡು ಅಂಶಗಳಿವೆ, ತಂದೆಯದೊಂದು, ತಾಯಿಯದೊಂದು; ಪರಾಗವೋ ಅಂಡವೋ ರೂಪುಗೊಳ್ಳುವಾಗ ಈ ಎರಡೂ ಅಗಲಿ ಒಂದು ಮಾತ್ರ ಅದರೊಳಗೆ ಹೋಗುತ್ತದೆ ಎಂದು ಮೆಂಡೆಲ್‌ರವರು ತರ್ಕಿಸಿದರು. ಎರಡು ಚೀಲಗಳಲ್ಲಿ ತಲಾ ಒಂದು ಕರಿಯ, ಒಂದು ಬಿಳಿಯ ಕವಡೆಯಿದೆಯೆಂದು ಭಾವಿಸಿರಿ. ಕಣ್ಣುಮುಚ್ಚಿ ಪ್ರತಿ ಚೀಲದಿಂದ ಒಂದನ್ನು ತೆಗೆದರೆ, ಎರಡೂ ಕರಿಯದಾಗುವುದು ನಾಲ್ಕರಲ್ಲಿ ಒಮ್ಮೆ, ಎರಡೂ ಬಿಳಿಯದಾಗುವುದು ನಾಲ್ಕರಲ್ಲಿ ಒಮ್ಮೆ, ಬೆರಕೆಯಾಗುವುದು ನಾಲ್ಕರಲ್ಲಿ ಎರಡು ಬಾರಿ. ಕರಿಯದು ಪ್ರಬಲವಾಗಿದ್ದು ಬಿಳಿಯದನ್ನು ಮರೆಮಾಡುವುದಾದರೆ, ಹೊರನೋಟಕ್ಕೆ ಮೂರು ಕರಿಯದು, ಒಂದು ಬಿಳಿಯದು. ಹಾಗಾದರೆ ಹೊರಗೆ ದುಂಡಗಿರುವ ಕಾಳುಗಳಲ್ಲಿ ಮೂರರಲ್ಲಿ ಎರಡು ಪಾಲು ಒಳಗೊಳಗೆ ಸುಕ್ಕನ್ನು ಹೊತ್ತಿರಬೇಕು. ಅದನ್ನೂ ಅವರು ಪರೀಕ್ಷಿಸಿದರು. ದುಂಡು ಕಾಳಿನಿಂದ ಬೆಳೆದ 565 ಗಿಡಗಳಲ್ಲಿ 372 ಗಿಡಗಳು ಸುಕ್ಕು ಕಾಳನ್ನೂ ಕೊಟ್ಟವು, 193 ಗಿಡಗಳು ದುಂಡನ್ನು ಮಾತ್ರ ಕೊಟ್ಟವು. ಗುಣಗಳು ಹಾಲು ನೀರಿನಂತೆ ಬೆರೆಯುವುದಿಲ್ಲ; ಕವಡೆಗಳಂತೆ ಬಿಡಿಬಿಡಿಯಾಗಿ, ಕೆಡದೆ, ತಲೆಮಾರಿನಿಂದ ತಲೆಮಾರಿಗೆ ಸಾಗುತ್ತವೆ. ಆನುವಂಶಿಕ ಶಾಸ್ತ್ರದ ಅಡಿಗಲ್ಲು ಇದು.

1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಬ್ರುನ್ ನಗರದ ನಿಸರ್ಗ ವಿಜ್ಞಾನ ಸಂಘದಲ್ಲಿ ಅವರು ತಮ್ಮ ಪ್ರಬಂಧವನ್ನು ಓದಿದರು. 1866ರಲ್ಲಿ ಅದು ಅಚ್ಚಾಗಿ ಯೂರೋಪಿನ ನೂರಕ್ಕೂ ಮಿಕ್ಕಿದ ಗ್ರಂಥಾಲಯಗಳನ್ನೂ ಸಂಘಗಳನ್ನೂ ಸೇರಿತು. ತಾವಾಗಿ 40 ಪ್ರತಿಗಳನ್ನು ಮಾಡಿಸಿ ಕೆಲವು ವಿದ್ವಾಂಸರಿಗೂ ಕಳುಹಿಸಿದರು. ಅದನ್ನು ಅರ್ಥಮಾಡಿಕೊಂಡವರಾರೂ ಮುಂದೆ ಬರಲಿಲ್ಲ. ಅದೇ ಕಾಲದಲ್ಲಿ ಇದೇ ಪ್ರಶ್ನೆಯೊಡನೆ ಸೆಣಸುತ್ತಿದ್ದ ಚಾರ್ಲ್ಸ್ ಡಾರ್ವಿನ್ ಅದನ್ನು ಓದಿದ ಕುರುಹಿಲ್ಲ. ಡಾರ್ವಿನ್ನರ ಗ್ರಂಥವನ್ನು ಮೆಂಡೆಲ್ ಮಾತ್ರ ಗುರುತು ಹಾಕಿಕೊಂಡು ಓದಿದ್ದರು. ಮ್ಯೂನಿಕ್ಕಿನ ಪ್ರಖ್ಯಾತ ಸಸ್ಯಶಾಸ್ತ್ರಜ್ಞ ನೇಗೆಲಿಯವರು ಉತ್ತರ ಬರೆದರೂ ಸಂಶಯವನ್ನೇ ತೋರಿದರು. ತಮ್ಮ ಮೆಚ್ಚಿನ ಹೈರೇಸಿಯಮ್ ಎಂಬ ಗಿಡದ ಮೇಲೆ ಮೆಂಡೆಲ್‌ರವರು ಶ್ರಮಿಸುವಂತಾಯಿತು. ಕೂದಲೆಳೆಯಂತಹ ಅದರ ಹೂಗಳನ್ನು ಕನ್ನಡಿಯ ಬೆಳಕಿನಲ್ಲಿ ಬಿಡಿಸಿ ಬಿಡಿಸಿ ಅವರ ಕಣ್ಣು ಸೋತಿತು. ಫಲಿತಾಂಶವೋ ಬಟಾಣಿಗೆ ತದ್ವಿರುದ್ಧ. ಆ ಗಿಡವು ಬಹುಮಟ್ಟಿಗೆ ಪರಾಗದ ಸಂಗವಿಲ್ಲದೆಯೇ ಬೀಜ ಕಟ್ಟುತ್ತದೆಂಬ ರಹಸ್ಯ ಆಗ ಯಾರಿಗೂ ತಿಳಿದಿರಲಿಲ್ಲ. ತಮ್ಮ ನಿಯಮವನ್ನು ತಮ್ಮದೇ ಎರಡನೆಯ ಪ್ರಯೋಗ ಸುಳ್ಳಾಗಿಸಿದಂತೆ ತೋರಿದಾಗಲೂ, ಮೆಂಡೆಲ್‌ರವರು ಆ ಪ್ರತಿಕೂಲ ಫಲಿತಾಂಶವನ್ನು ಬಚ್ಚಿಡದೆ ಪ್ರಕಟಿಸಿದರು.

1868ರಲ್ಲಿ ಮಠದ ಸಹೋದರರು ಅವರನ್ನು ಅಧಿಪತಿಯನ್ನಾಗಿ ಆರಿಸಿದರು. ಆಡಳಿತದ ಹೊರೆ ಪ್ರಯೋಗಗಳನ್ನು ನುಂಗಿತು. ಜೇನು ಸಾಕಣೆಯನ್ನೂ ಹವಾಮಾನದ ದಿನಚರಿಯನ್ನೂ ಮಾತ್ರ ಅವರು ಬಿಡಲಿಲ್ಲ. 1870ರ ಅಕ್ಟೋಬರಿನಲ್ಲಿ ಬ್ರುನ್ ನಗರಕ್ಕೆ ಬಡಿದ ಸುಂಟರಗಾಳಿಯನ್ನು ಶಾಸ್ತ್ರೋಕ್ತವಾಗಿ ವರ್ಣಿಸಿ ಬರೆದರು. 1874ರಲ್ಲಿ ಸರ್ಕಾರವು ಮಠಗಳ ಆಸ್ತಿಯ ಮೇಲೆ ಹೊಸ ತೆರಿಗೆ ಹೇರಿತು. ಅದು ಅನ್ಯಾಯವೆಂದು ಅವರು ಕೊಡಲು ನಿರಾಕರಿಸಿದರು. ಇತರ ಮಠಗಳು ಒಂದೊಂದಾಗಿ ಸರಿಹೊಂದಿಕೊಂಡವು. ಇವರು ಕೊನೆಯುಸಿರಿನವರೆಗೂ ಬಗ್ಗಲಿಲ್ಲ. ಈ ಜಗಳದಲ್ಲಿ ಅವರ ಅಂತ್ಯಕಾಲ ಕಹಿಯಾಯಿತು, ಆರೋಗ್ಯ ಕೆಟ್ಟಿತು. ಧರ್ಮಸಭೆಯ ಹಕ್ಕಿಗಾಗಿ ನಿಂತರೆಂದು ಹೊಗಳುವವರಿದ್ದಾರೆ. ಆ ಹತ್ತು ವರ್ಷ ತೋಟದಲ್ಲಿ ಕಳೆದಿದ್ದರೆ ಚೆನ್ನಾಗಿತ್ತೆಂದು ನನಗನ್ನಿಸುತ್ತದೆ. ಅವರ ಮರಣಾನಂತರ ಪ್ರಯೋಗದ ಟಿಪ್ಪಣಿಗಳೂ ಕಾಗದಪತ್ರಗಳೂ ಬಹುಪಾಲು ಬೆಂಕಿಗೆ ಹೋದವು.

1900ರಲ್ಲಿ ಹಾಲೆಂಡಿನ ಡಿ ವ್ರೀಸ್, ಜರ್ಮನಿಯ ಕಾರೆನ್ಸ್, ಆಸ್ಟ್ರಿಯಾದ ಚೆರ್ಮಾಕ್ ಎಂಬ ಮೂವರು, ತಮ್ಮ ತಮ್ಮ ಗಿಡಗಳಲ್ಲಿ ಮೂರಕ್ಕೆ ಒಂದನ್ನು ಕಂಡು ಹಳೆಯ ಸಂಚಿಕೆಗಳನ್ನು ತಿರುವಿದಾಗ, ಸತ್ತು ಹದಿನಾರು ವರ್ಷವಾಗಿದ್ದ ಸನ್ಯಾಸಿಯ ಹೆಸರು ಅವರೆದುರಿಗಿತ್ತು. ಇವರಲ್ಲಿ ಕಾರೆನ್ಸ್‌ರವರು ಆ ನೇಗೆಲಿಯವರ ಶಿಷ್ಯರೇ ಎಂಬುದು ವಿಧಿಯ ವಿನೋದ.

ಮೆಂಡೆಲ್ ಹೇಳಿದ ಅಂಶಗಳು ದೇಹದಲ್ಲಿ ಎಲ್ಲಿವೆ? ಅವರ ಬಾಳಿನ ಕೊನೆಯ ವರ್ಷಗಳಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ಇದರ ಸುಳಿವು ಸಿಕ್ಕಿತ್ತು. ಜೀವಕೋಶವೊಂದು ಎರಡಾಗುವ ಮುನ್ನ ಅದರ ಬೀಜಕೇಂದ್ರದಲ್ಲಿ ವರ್ಣತಂತುಗಳೆಂಬ ಎಳೆಗಳು ಇಮ್ಮಡಿಸಿ, ಎರಡು ಮರಿಕೋಶಗಳಿಗೂ ಸಮನಾಗಿ ಹಂಚಿಹೋಗುವುದನ್ನು 1882ರಲ್ಲಿ ಫ್ಲೆಮಿಂಗ್ ಎಂಬವರು ವಿವರಿಸಿದ್ದರು. ಅಂಡ, ವೀರ್ಯಗಳು ಉಂಟಾಗುವಾಗ ಮಾತ್ರ ವಿಭಜನೆಯ ಕ್ರಮ ಬೇರೆ. ಜೋಡಿಯ ತಂತುಗಳು ಅಗಲಿ, ಪ್ರತಿ ಕೋಶಕ್ಕೂ ಅರ್ಧ ಸಂಖ್ಯೆ ಮಾತ್ರ ಸಿಗುತ್ತದೆ. ಮಾನವನಲ್ಲಿ 46 ತಂತುಗಳು 23 ಆಗುತ್ತವೆ, ಬಟಾಣಿಯಲ್ಲಿ 14 ಏಳಾಗುತ್ತವೆ. 1902-03ರ ವೇಳೆಗೆ ಸಟನ್ ಮತ್ತು ಬೊವೆರಿಯವರು ಇದನ್ನೂ ಮೆಂಡೆಲ್‌ರ ಎಣಿಕೆಯನ್ನೂ ಜೋಡಿಸಿ ನೋಡಿದರು. ಚೀಲದಿಂದ ಒಂದೇ ಕವಡೆ ತೆಗೆಯುವ ಆ ಕ್ರಿಯೆ ಕಣ್ಣಿಗೆ ಕಂಡಿತು. ಮಗು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವ ತಂತು ತಂದೆಯಿಂದ ಬರುತ್ತದೆಂಬುದೂ ಇದೇ ದಾರಿಯಲ್ಲಿ ತಿಳಿದುಬಂದ ಸತ್ಯ. ಹೆಣ್ಣು ಹೆತ್ತಳೆಂದು ಸೊಸೆಯನ್ನು ಜರೆಯುವ ಮನೆಗಳಿಗೆ ಇದು ಇನ್ನೂ ತಲುಪಿಲ್ಲ.

ವರ್ಣತಂತುಗಳಲ್ಲಿರುವ ಡಿ.ಎನ್.ಎ. ಎಂಬ ದ್ರವ್ಯವೇ ಆನುವಂಶಿಕ ಗುಣಗಳ ವಾಹಕವೆಂದು 1944ರಲ್ಲಿ ಏವರಿ ಮತ್ತು ಅವರ ಸಂಗಡಿಗರು ತೋರಿಸಿದರು. ರೋಸಲಿಂಡ್ ಫ್ರ್ಯಾಂಕ್ಲಿನ್‌ರ ಕ್ಷಕಿರಣ ಚಿತ್ರಗಳ ನೆರವಿನಿಂದ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಅದರ ರಚನೆಯನ್ನು ಬಿಡಿಸಿದರು: ತಿರುಚಿದ ಏಣಿಯಂತಹ ಎರಡು ಎಳೆ, ನಾಲ್ಕೇ ಅಕ್ಷರಗಳ ಬರಹ. ಮೆಂಡೆಲ್‌ರ ನಿಯಮಕ್ಕೆ ಒಳಪಡದ ಮೂಲೆಯೂ ಒಂದಿದೆ. ಆಹಾರವನ್ನು ಉರಿಸಿ ಎ.ಟಿ.ಪಿ. ಎಂಬ ರೂಪದಲ್ಲಿ ಕೋಶಕ್ಕೆ ಶಕ್ತಿಯೊದಗಿಸುವ ಮೈಟೋಕಾಂಡ್ರಿಯಗಳೆಂಬ ಒಲೆಗಳಿಗೆ ತಮ್ಮದೇ ಆದ ತುಸು ಡಿ.ಎನ್.ಎ. ಇದ್ದು, ಅದು ಮಾನವರಲ್ಲಿ ತಾಯಿಯಿಂದಲೇ ಇಳಿದುಬರುತ್ತದೆ. ಸಸ್ಯಗಳಲ್ಲಿ ಇಂತಹ ತಾಯಿಯ ದಾರಿಯನ್ನು 1909ರಲ್ಲಿ ಮೊದಲು ತೋರಿಸಿದವರಲ್ಲಿ ಕಾರೆನ್ಸ್ ಒಬ್ಬರು. ಅವರು ಬಳಸಿದ ಗಿಡ ನಮ್ಮ ಹಿತ್ತಲಿನ ಸಂಜೆಮಲ್ಲಿಗೆ.

ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ವಾಡಿಕೆಯುಳ್ಳ ನಮ್ಮ ನಾಡಿಗೆ ಈ ಶಾಸ್ತ್ರ ಹತ್ತಿರದ್ದು. ಒಂದೇ ಮನೆತನದ ಇಬ್ಬರು ಹೊರಗೆ ಆರೋಗ್ಯವಂತರಾಗಿದ್ದು, ಒಳಗೆ ಒಂದೇ ದೋಷದ ಮರೆಯಾದ ಅಂಶವನ್ನು ಹೊತ್ತಿರುವ ಸಂಭವ ಹೆಚ್ಚು. ಅಂಥವರಿಗೆ ಹುಟ್ಟುವ ಪ್ರತಿ ಮಗುವಿಗೂ ಆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿತು, ಇನ್ನು ಮೂರಕ್ಕೆ ಭಯವಿಲ್ಲ ಎಂದು ಲೆಕ್ಕ ಹಾಕುವವರುಂಟು. ಅದು ತಪ್ಪು, ಪ್ರತಿ ಬಾರಿಯೂ ಕವಡೆ ಹೊಸದಾಗಿ ತೆಗೆಯಲ್ಪಡುತ್ತದೆ. ಇದು ಯಾರ ಪಾಪದ ಫಲವೂ ಅಲ್ಲ, ಶಾಪವೂ ಅಲ್ಲ. ಹತ್ತಿರದ ರಕ್ತಸಂಬಂಧದ ವಿವಾಹಕ್ಕೆ ಧರ್ಮಸಭೆಯ ಕಾನೂನು ಅಡ್ಡಿ ಇಟ್ಟದ್ದು ಮೆಂಡೆಲ್‌ರಿಗಿಂತ ಶತಮಾನಗಳ ಹಿಂದೆ, ಬೇರೆ ಕಾರಣಗಳಿಗಾಗಿ.

ಕೀರ್ತಿಯೊಡನೆ ಅಪವಾದವೂ ಬಂದಿತು. 1936ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫಿಶರ್‌ರವರು, ಮೆಂಡೆಲ್‌ರ ಅಂಕಿಗಳು ನಿರೀಕ್ಷೆಗೆ ಅತಿಯಾಗಿ ಸಮೀಪವಾಗಿವೆಯೆಂದು ಲೆಕ್ಕಹಾಕಿ, ಸಹಾಯಕರಾರೋ ತಿದ್ದಿರಬಹುದೆಂದು ಶಂಕಿಸಿದರು. ಆ ವಾದ ದಶಕಗಳ ಕಾಲ ನಡೆಯಿತು. ಮೂಲ ಟಿಪ್ಪಣಿಗಳೇ ಸುಟ್ಟುಹೋಗಿರುವಾಗ ತೀರ್ಪು ಕಷ್ಟ, ನಿಯಮಗಳಂತೂ ಅಲುಗಾಡಿಲ್ಲ. ಅದಕ್ಕಿಂತ ಕ್ರೂರವಾದುದು ಸೋವಿಯತ್ ದೇಶದಲ್ಲಿ ನಡೆಯಿತು. ಲೈಸೆಂಕೋ ಎಂಬಾತನ ಪ್ರಭಾವದಿಂದ 1948ರಲ್ಲಿ ಮೆಂಡೆಲ್‌ರ ಶಾಸ್ತ್ರವೇ ಅಲ್ಲಿ ನಿಷಿದ್ಧವಾಯಿತು. ಅದಕ್ಕೂ ಮೊದಲೇ ಮಹಾ ಸಸ್ಯವಿಜ್ಞಾನಿ ವಾವಿಲೋವ್ 1943ರಲ್ಲಿ ಸೆರೆಮನೆಯಲ್ಲಿ ಮಡಿದಿದ್ದರು. 1950ರಲ್ಲಿ ಬ್ರನೋ ಮಠವನ್ನೂ ಕಮ್ಯುನಿಸ್ಟ್ ಸರ್ಕಾರ ಮುಚ್ಚಿಸಿತು. 1989ರ ಬದಲಾವಣೆಯ ಬಳಿಕ ಅಗಸ್ಟೀನ್ ಸಭೆಯವರು ಅಲ್ಲಿಗೆ ಮರಳಿದರು.

ಬಟಾಣಿ ಸುಕ್ಕಾಗುವುದೇಕೆ ಎಂಬುದು 1990ರಲ್ಲಿ ತಿಳಿಯಿತು. ಪಿಷ್ಟವನ್ನು ಕವಲೊಡೆಯಿಸುವ ಕಿಣ್ವವೊಂದರ ಜೀನಿನ ನಡುವೆ ಸುಮಾರು 800 ಅಕ್ಷರಗಳ ಪರಕೀಯ ತುಂಡೊಂದು ನುಸುಳಿ ಅದನ್ನು ಕೆಡಿಸಿದೆಯೆಂದು ಇಂಗ್ಲೆಂಡಿನ ನಾರಿಚ್‌ನಲ್ಲಿ ಮದನ್ ಭಟ್ಟಾಚಾರ್ಯ ಮತ್ತು ಸಂಗಡಿಗರು ಕಂಡರು. ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ, ಸಕ್ಕರೆ ನೀರನ್ನು ಸೆಳೆದು ಎಳೆಯ ಕಾಳನ್ನು ಉಬ್ಬಿಸುತ್ತದೆ, ಒಣಗಿದಾಗ ಸಿಪ್ಪೆ ಸುಕ್ಕುಗಟ್ಟುತ್ತದೆ. ಏಳು ಗುಣಗಳಲ್ಲಿ ಬಾಕಿಯಿದ್ದ ಮೂರರ ಜೀನುಗಳು ಪತ್ತೆಯಾದ ವರದಿ ಬಂದದ್ದು 2025ರಲ್ಲಿ.

ಮೆಂಡೆಲ್‌ರ ದೇಹವು ಬ್ರನೋ ನಗರದ ಸ್ಮಶಾನದಲ್ಲಿ ಅವರ ಸಭೆಯ ಸಹೋದರರ ಜೊತೆ ಒಂದೇ ಸಮಾಧಿಯಲ್ಲಿದೆ. ಅವರ 200ನೆಯ ಜನ್ಮೋತ್ಸವಕ್ಕೆ ಮುನ್ನ, 2021ರಲ್ಲಿ, ವಿಜ್ಞಾನಿಗಳು ಆ ಸಮಾಧಿಯನ್ನು ತೆರೆದು, ಅಸ್ಥಿಗಳಿಂದ ಅವರ ಡಿ.ಎನ್.ಎ.ಯನ್ನು ತೆಗೆದು ಓದಿದರು.